ಕ್ಲೀನಿಂಗ್ ರಾಡ್ ಇಲ್ಲದೆ ಯುದ್ಧಕ್ಕೆ ಹೋದ ರೈಫಲ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರಿಗೂ, ಊಟ ಮುಗಿಸಿ ವಾಕಿಂಗ್ ಹೊರಟಿರೋರಿಗೂ, ಕೇಳೋಕೆ ಪುರುಸೊತ್ತಿಲ್ಲದೆ ಇಲ್ಲಿ ಓದ್ತಾ ಇರೋರಿಗೂ ಸ್ವಾಗತ.

ಇವತ್ತಿನ ಕಥೆ ಯುದ್ಧದ್ದು. ಆದ್ರೆ ಯಾರು ಗೆದ್ರು, ಯಾರು ಸೋತ್ರು ಅನ್ನೋದು ಇವತ್ತು ನಮ್ಮ ವಿಷಯ ಅಲ್ಲ. ಒಂದು ಲೋಹದ ಕಡ್ಡಿ, ಒಂದು ಪುಟ್ಟ ಬ್ರಷ್, ಒಂದಿಷ್ಟು ಬಟ್ಟೆ ಚೂರು, ನಾಲ್ಕು ಹನಿ ಎಣ್ಣೆ. ರೈಫಲ್‌ನ ಬ್ಯಾರೆಲ್ ಸ್ವಚ್ಛವಾಗಿ ಇಟ್ಕೊಳ್ಳೋಕೆ ಮುಖ್ಯವಾಗಿ ಬೇಕಾಗಿರೋದು ಇಷ್ಟೇ. 1960ರ ದಶಕದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶದ ಸೇನೆ ತನ್ನ ಹುಡುಗರ ಕೈಗೆ ಹೊಸ ರೈಫಲ್ ಕೊಟ್ಟು ವಿಯೆಟ್ನಾಂ ಕಾಡಿಗೆ ಕಳಿಸ್ತು. ಈ ಸಾಮಾನು ಮಾತ್ರ ಸಾಕಷ್ಟು ಕೊಡಲಿಲ್ಲ. ಅದರ ಬೆಲೆ ತೆತ್ತವರು 18, 19, 20 ವರ್ಷದವರು. ಅಂದ್ರೆ ಈ ಕಾರ್ಯಕ್ರಮ ಕೇಳೋ ತುಂಬಾ ಜನರಿಗಿಂತ ಚಿಕ್ಕವರು.

ನಾನು ಓದಿದ್ದು ಬಿಕಾಂ. ಬಂದೂಕಿನ ಅಭಿಮಾನಿ ಅಲ್ಲ. ಈ ಕಥೆ ನನ್ನನ್ನ ಹಿಡಿದಿಟ್ಟಿದ್ದು ಇದರೊಳಗೆ ಇರೋ ಲೆಕ್ಕಾಚಾರಕ್ಕೆ. ಖರೀದಿ, ಟೆಂಡರ್, ಸ್ಪೆಸಿಫಿಕೇಶನ್, ಉಳಿತಾಯ, ವಿನಾಯಿತಿ ಪತ್ರ. ಎಲ್ಲಾ ನಮ್ಮ ಕಾಮರ್ಸ್ ಭಾಷೆ. ಈ ಕಥೆಯಲ್ಲಿ ಅದೇ ಭಾಷೆಯಲ್ಲಿ ಬರೆದ ಕಾಗದಗಳು ಹೋಗಿ ಸೈನಿಕರ ಪ್ರಾಣದ ಮೇಲೆ ಕೂತವು.

ಬ್ಯಾರೆಲ್ ಒಳಗೆ ಏನಾಗುತ್ತೆ?

ಮೊದಲು ಸ್ವಲ್ಪ ವಿಜ್ಞಾನ. ಬೋರ್ ಆಗಲ್ಲ, ಎರಡೇ ನಿಮಿಷ.

ರೈಫಲ್ ಅನ್ನೋ ಹೆಸರು ಬಂದಿರೋದೇ ಬ್ಯಾರೆಲ್‌ನಿಂದ. ಬ್ಯಾರೆಲ್ ಒಳಗೋಡೆಯಲ್ಲಿ ಸುರುಳಿ ಸುರುಳಿಯಾಗಿ ಗೀರು ಕೊರೆದಿರ್ತಾರೆ. ಗುಂಡು ಆ ಗೀರುಗಳನ್ನ ಕಚ್ಚಿಕೊಂಡು ತಿರುಗುತ್ತಾ ಹೊರಗೆ ಬರುತ್ತೆ. ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುತ್ತಲ್ಲ, ಹಾಗೇ ತಿರುಗೋ ಗುಂಡು ನೆಟ್ಟಗೆ ಹೋಗುತ್ತೆ.

ಬ್ಯಾರೆಲ್‌ನ ಹಿಂದಿನ ತುದಿಯಲ್ಲಿ, ತೋಟಾ ಹೋಗಿ ಕೂರೋ ಜಾಗಕ್ಕೆ ಚೇಂಬರ್ ಅಂತಾರೆ. ತೋಟಾ ಅಂದ್ರೆ ಹಿತ್ತಾಳೆಯ ಪುಟ್ಟ ಡಬ್ಬಿ. ಒಳಗೆ ಮದ್ದಿನ ಪುಡಿ, ಮುಂದೆ ಗುಂಡು, ಹಿಂದೆ ಕಿಡಿ ಹಚ್ಚೋ ಪ್ರೈಮರ್. ಟ್ರಿಗರ್ ಒತ್ತಿದಾಗ ಪುಡಿ ಉರಿದು ಅನಿಲ ಆಗುತ್ತೆ. ನಮ್ಮ ಕಥೆಯ ರೈಫಲ್‌ನಲ್ಲಿ ಆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 3,500 ಪಟ್ಟು ಜಾಸ್ತಿ. ಆ ಕ್ಷಣದಲ್ಲಿ ಹಿತ್ತಾಳೆ ಡಬ್ಬಿ ಉಬ್ಬಿ ಚೇಂಬರ್ ಗೋಡೆಗೆ ಅಂಟಿಕೊಳ್ಳುತ್ತೆ. ಗುಂಡು ಹೊರಗೆ ಹೋದ ಕೂಡಲೇ ಒತ್ತಡ ಇಳಿದು, ಡಬ್ಬಿ ಒಂದು ಕೂದಲೆಳೆಯಷ್ಟು ಕುಗ್ಗುತ್ತೆ. ಆಗ ಎಕ್ಸ್‌ಟ್ರಾಕ್ಟರ್ ಅನ್ನೋ ಕೊಕ್ಕೆ ಅದರ ಅಂಚು ಹಿಡಿದು ಹೊರಗೆ ಎಳೆದು ಬಿಸಾಕುತ್ತೆ. ಮುಂದಿನ ತೋಟಾ ಒಳಗೆ ಬರುತ್ತೆ. ಇಷ್ಟೆಲ್ಲಾ ಆಗೋಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ.

ಈಗ ಚೇಂಬರ್ ಗೋಡೆಗೆ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬಿದ್ದಿದೆ ಅಂದ್ಕೊಳ್ಳಿ. ಉಬ್ಬಿದ ಹಿತ್ತಾಳೆ ಆ ಗುಳಿಗಳೊಳಗೆ ಹೋಗಿ ಕಚ್ಚಿಕೊಳ್ಳುತ್ತೆ. ಕೊಕ್ಕೆ ಎಳೆದ್ರೆ ಡಬ್ಬಿ ಬರಲ್ಲ. ಕೊಕ್ಕೆ ಜಾರುತ್ತೆ, ಇಲ್ಲಾ ಡಬ್ಬಿಯ ಅಂಚೇ ಹರಿದು ಬರುತ್ತೆ. ಖಾಲಿ ಡಬ್ಬಿ ಒಳಗೇ ಉಳಿಯುತ್ತೆ, ರೈಫಲ್ ನಿಲ್ಲುತ್ತೆ. ಅದನ್ನ ತೆಗೆಯೋಕೆ ಇರೋ ಖಚಿತವಾದ ದಾರಿ ಒಂದೇ: ಬ್ಯಾರೆಲ್‌ನ ಮುಂದಿನ ಬಾಯಿಂದ ಕಡ್ಡಿ ಹಾಕಿ ಹಿಂದಕ್ಕೆ ತಳ್ಳಬೇಕು. ಆ ಕಡ್ಡಿಯೇ ಕ್ಲೀನಿಂಗ್ ರಾಡ್.

ಹಾಗಾಗಿ ಕ್ಲೀನಿಂಗ್ ರಾಡ್‌ಗೆ ಎರಡು ಕೆಲಸ. ತೊಂದರೆ ಬರದ ಹಾಗೆ ನೋಡ್ಕೊಳ್ಳೋದು ಒಂದು, ಬಂದ್ಮೇಲೆ ಪ್ರಾಣ ಉಳಿಸೋದು ಇನ್ನೊಂದು. ಇದನ್ನ ನೆನಪಿಟ್ಕೊಳ್ಳಿ.

ಹಳೇ ಸೇನೆಗಳಿಗೆ ಗೊತ್ತಿದ್ದ ಪಾಠ

ಬ್ಯಾರೆಲ್ ಕ್ಲೀನ್ ಮಾಡ್ಬೇಕು ಅನ್ನೋದು 1960ರಲ್ಲಿ ಕಂಡುಹಿಡಿದ ವಿಷಯ ಏನಲ್ಲ.

ಹಳೇ ಕಪ್ಪು ಮದ್ದಿನ ಕಾಲದಲ್ಲಿ ಸಮಸ್ಯೆ ಕಣ್ಣಿಗೇ ಕಾಣ್ತಿತ್ತು. ಕಪ್ಪು ಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಅನಿಲ ಆಗೋದೇ ಇಲ್ಲ, ಹೊಗೆ ಮತ್ತು ಮಸಿಯಾಗಿ ಉಳಿಯುತ್ತೆ. ಒಂದಿಷ್ಟು ಗುಂಡು ಹಾರಿಸಿದ್ರೆ ಬ್ಯಾರೆಲ್ ಒಳಗೆ ಗಟ್ಟಿ ಕೊಳೆ ಕಟ್ಟುತ್ತಿತ್ತು. ಆ ಕೊಳೆ ಗಾಳಿಯ ತೇವ ಹೀರಿಕೊಂಡು ಕಬ್ಬಿಣ ತಿನ್ನೋಕೆ ಶುರು ಮಾಡ್ತಿತ್ತು. ನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚೋದು ಸಿಪಾಯಿಯ ದಿನಚರಿ ಆಗಿತ್ತು.

1880ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಹೊಗೆ ಇಲ್ಲದ ಮದ್ದು ಬಂತು. ಮಸಿ ಕಡಿಮೆ ಆಯ್ತು, ತುಕ್ಕು ಕಡಿಮೆ ಆಗಲಿಲ್ಲ. ಯಾಕಂದ್ರೆ ಕಿಡಿ ಹಚ್ಚೋ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇತ್ತು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಅನ್ನೋ ಉಪ್ಪು ಉಳಿಯುತ್ತೆ, ನಮ್ಮ ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬ ನೀರು ಬಿಡುತ್ತಲ್ಲ, ಅದೇ ಕೆಲಸ ಬ್ಯಾರೆಲ್ ಒಳಗೆ ನಡೀತಿತ್ತು. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಲ್ಲಿ ಕರಗುತ್ತೆ. ಅದಕ್ಕೇ ಬ್ರಿಟಿಷ್ ಸೇನೆಯಲ್ಲಿ .303 ರೈಫಲ್‌ನ ಬ್ಯಾರೆಲ್‌ಗೆ ಆಲಿಕೆ ಇಟ್ಟು ಕುದಿಯೋ ನೀರು ಸುರೀತಿದ್ರು. ಬಿಸಿ ನೀರು ಉಪ್ಪನ್ನ ಕರಗಿಸುತ್ತೆ, ಬಿಸಿಯಾದ ಲೋಹ ಬೇಗ ಒಣಗುತ್ತೆ. ಆಮೇಲೆ ಎಣ್ಣೆ.

ಆ .303 ಲೀ-ಎನ್‌ಫೀಲ್ಡ್ ನಮಗೂ ಪರಿಚಯದ್ದೇ. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರು ಹಿಡಿದದ್ದು ಅದೇ ಸಾಲಿನ ರೈಫಲ್. ನಮ್ಮ ಪೊಲೀಸರ ಹೆಗಲಲ್ಲಿ ಅದು ಮೊನ್ನೆ ಮೊನ್ನೆವರೆಗೂ ಇತ್ತು. ಆ ರೈಫಲ್‌ನ ಮರದ ಹಿಡಿಯ ಹಿಂಭಾಗದಲ್ಲಿ ಒಂದು ಪುಟ್ಟ ಹಿತ್ತಾಳೆ ಮುಚ್ಚಳ ಇರುತ್ತೆ. ತೆಗೆದ್ರೆ ಒಳಗೊಂದು ಗೂಡು. ಗೂಡಿನಲ್ಲಿ ಎಣ್ಣೆ ಶೀಶೆ, ಜೊತೆಗೆ ಒಂದು ತುದಿಗೆ ಹಿತ್ತಾಳೆ ತೂಕ ಕಟ್ಟಿದ ಹಗ್ಗ. ಹಗ್ಗಕ್ಕೆ ಫ್ಲಾನಲ್ ಬಟ್ಟೆ ಚೂರು ಸಿಕ್ಕಿಸಿ, ತೂಕವನ್ನ ಬ್ಯಾರೆಲ್ ಒಳಗೆ ಬಿಟ್ಟು, ಇನ್ನೊಂದು ಕಡೆಯಿಂದ ಎಳೆಯೋದು. ಸಾಮಾನು ರೈಫಲ್ ಒಳಗೇ ವಾಸ. ರೈಫಲ್ ಎಲ್ಲಿ ಹೋದ್ರೂ ಅದೂ ಹೋಗುತ್ತೆ.

ಅತಿಯಾಗಿ ತಿಕ್ಕಿದ್ರೂ ಬ್ಯಾರೆಲ್ ಹಾಳು ಅನ್ನೋದೂ ಅವರಿಗೆ ಗೊತ್ತಿತ್ತು. ಹಗ್ಗವನ್ನ ಓರೆಯಾಗಿ ಎಳೆದೆಳೆದು ಬ್ಯಾರೆಲ್ ಬಾಯಿಯೇ ಸವೆದು ಹೋಗ್ತಿತ್ತು. ನೆಟ್ಟಗೆ ಎಳೆಯೋದನ್ನ ಹೇಳಿಕೊಡಬೇಕಿತ್ತು. ಅಂದ್ರೆ ಸಾಮಾನಿನಷ್ಟೇ ತರಬೇತಿಯೂ ಮುಖ್ಯ.

ವಿಯೆಟ್ನಾಂನಲ್ಲಿ ಅಮೆರಿಕನ್ನರ ಎದುರಾಳಿಗಳು ಹಿಡಿದಿದ್ದು ಎಕೆ ರೈಫಲ್, ಮತ್ತು ಅದರ ಚೀನೀ ರೂಪ ಟೈಪ್ 56. ಅದರ ಕ್ಲೀನಿಂಗ್ ರಾಡ್ ಬ್ಯಾರೆಲ್ ಕೆಳಗೇ ಸಿಕ್ಕಿಸಿರುತ್ತೆ. ಬ್ರಷ್ ಇತ್ಯಾದಿ ಇರೋ ಪುಟ್ಟ ಡಬ್ಬಿ ಹಿಡಿಯ ಹಿಂದೆ. ಬ್ಯಾರೆಲ್ ಒಳಗೆ ಕ್ರೋಮ್ ಲೇಪನ. ಇಷ್ಟೂ ಇದ್ದ ರೈಫಲ್ ಎದುರಾಳಿಯ ಕೈಯಲ್ಲಿತ್ತು. ಈಗ ಅಮೆರಿಕನ್ನರ ಕೈಯಲ್ಲಿ ಏನಿತ್ತು ನೋಡೋಣ.

ಕಲ್ಲಂಗಡಿ ಹಣ್ಣು ಮತ್ತು ಒಳ್ಳೇ ರೈಫಲ್

ಯೂಜಿನ್ ಸ್ಟೋನರ್ ಅಂತ ಒಬ್ಬ ಡಿಸೈನರ್. ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯಲ್ಲಿ ಇದ್ದವರು. 1950ರ ದಶಕದಲ್ಲಿ ಆರ್ಮಲೈಟ್ ಅನ್ನೋ ಚಿಕ್ಕ ಕಂಪನಿಯಲ್ಲಿ ಕೂತು ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಳಸಿ ಒಂದು ಹಗುರ ರೈಫಲ್ ಮಾಡಿದ್ರು. ಅದೇ ಎಆರ್-15. 5.56 ಮಿಲಿಮೀಟರ್‌ನ ಚಿಕ್ಕ ಗುಂಡು. ಒಂದೊಂದು ತೋಟಾದ ತೂಕ ಆಗ ಸೇನೆಯಲ್ಲಿದ್ದ ಎಂ-14 ರೈಫಲ್‌ನ ತೋಟಾದ ಅರ್ಧದಷ್ಟು. ಅಂದ್ರೆ ಅದೇ ತೂಕದಲ್ಲಿ ಸೈನಿಕ ಎರಡು ಪಟ್ಟು ಗುಂಡು ಹೊರಬಹುದು.

1959ರಲ್ಲಿ ಕೋಲ್ಟ್ ಕಂಪನಿ ಇದರ ಹಕ್ಕು ಕೊಂಡ್ಕೊಳ್ತು. 1960ರ ಜುಲೈನಲ್ಲಿ ಒಂದು ಪಾರ್ಟಿಯಲ್ಲಿ ಅಮೆರಿಕ ವಾಯುಪಡೆಯ ಜನರಲ್ ಕರ್ಟಿಸ್ ಲಿಮೇ ಈ ರೈಫಲ್‌ನಿಂದ ಕಲ್ಲಂಗಡಿ ಹಣ್ಣಿಗೆ ಗುಂಡು ಹೊಡೆದು ಮಾರುಹೋದ್ರಂತೆ. ವಾಯುಪಡೆ ಇದನ್ನ ತಗೊಳ್ಳೋ ದಾರಿ ಶುರುವಾಗಿದ್ದು ಅಲ್ಲಿಂದ.

ಭೂಸೇನೆಯ ಶಸ್ತ್ರಾಸ್ತ್ರ ವಿಭಾಗಕ್ಕೆ ಇದು ಇಷ್ಟ ಇರಲಿಲ್ಲ. ಎಂ-14 ಅವರದೇ ಕೂಸು. ಆದ್ರೆ 1961ರಲ್ಲಿ ರಕ್ಷಣಾ ಸಚಿವರಾಗಿ ರಾಬರ್ಟ್ ಮೆಕ್‌ನಮಾರಾ ಬಂದ್ರು. ಫೋರ್ಡ್ ಕಾರು ಕಂಪನಿಯ ಅಧ್ಯಕ್ಷರಾಗಿದ್ದವರು, ಅಂಕಿ-ಅಂಶದ ಮನುಷ್ಯ. ಕೊಟ್ಟ ದುಡ್ಡಿಗೆ ಎಷ್ಟು ಫಲ ಅನ್ನೋದು ಅವರ ಅಳತೆಗೋಲು. ಆ ಅಳತೆಯಲ್ಲಿ ಎಆರ್-15 ಗೆದ್ದಿತು. 1963ರಲ್ಲಿ ಭೂಸೇನೆಗೆ 85,000, ವಾಯುಪಡೆಗೆ 19,000 ರೈಫಲ್‌ಗಳ ಖರೀದಿ ಆಯ್ತು. ಅದರ ಸೇನಾ ಹೆಸರೇ ಎಂ-16.

ಈ ರೈಫಲ್ ಮೂಲದಲ್ಲಿ ಕೆಟ್ಟದ್ದಲ್ಲ. ಅದರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಎಷ್ಟೋ ಸೇನೆಗಳಲ್ಲಿ ಕೆಲಸ ಮಾಡ್ತಿವೆ. ಕೆಟ್ಟಿದ್ದು ಅದರ ಸುತ್ತ ತಗೊಂಡ ನಾಲ್ಕು ತೀರ್ಮಾನಗಳು.

ನಾಲ್ಕು ತೀರ್ಮಾನಗಳು

ಮೊದಲನೇದು: ಇದು ಒಂದೇ ಸಲದ ಖರೀದಿ. ಸೇನೆಯ ಕಣ್ಣು ಭವಿಷ್ಯದ ಇನ್ನೊಂದು ಆಯುಧದ ಮೇಲಿತ್ತು. ಎಸ್‌ಪಿಐಡಬ್ಲ್ಯೂ ಅನ್ನೋ ಯೋಜನೆ, ಗುಂಡಿನ ಬದಲು ಪುಟ್ಟ ಬಾಣದಂಥ ಮೊಳೆ ಹಾರಿಸೋ ಆಯುಧ. ಅದು ಬರೋವರೆಗೆ ಎಂ-16 ತಾತ್ಕಾಲಿಕ ಅಂತ ಲೆಕ್ಕ. ಬಾಡಿಗೆ ಮನೆಗೆ ಯಾರು ಹೊಸ ಪೈಪ್‌ಲೈನ್ ಹಾಕಿಸ್ತಾರೆ? ತಾತ್ಕಾಲಿಕ ಅಂದ್ಮೇಲೆ ಬಿಡಿಭಾಗ, ತರಬೇತಿ, ನಿರ್ವಹಣೆ ಎಲ್ಲದಕ್ಕೂ ಮನಸ್ಸೂ ದುಡ್ಡೂ ಕಡಿಮೆ. ಆ ಭವಿಷ್ಯದ ಆಯುಧ ಸೇನೆಗೆ ಬರಲೇ ಇಲ್ಲ.

ಎರಡನೇದು: ಕ್ರೋಮ್. ಕ್ರೋಮ್ ಲೇಪನ ಇದ್ರೆ ತುಕ್ಕು ಹಿಡಿಯೋದು ಕಷ್ಟ, ಮಸಿ ಅಂಟೋದೂ ಕಡಿಮೆ, ಒರೆಸೋದು ಸುಲಭ. ಎರಡನೇ ಮಹಾಯುದ್ಧದಲ್ಲೇ ಜಪಾನೀಯರ ಅರಿಸಾಕಾ ಟೈಪ್ 99 ರೈಫಲ್‌ಗೆ ಈ ಲೇಪನ ಇತ್ತು. ಅಮೆರಿಕದ್ದೇ ಎಂ-14ಗೂ ಇತ್ತು. ಎಂ-16ಗೆ ಹಾಕಲಿಲ್ಲ. 5.56 ಮಿಲಿಮೀಟರ್ ಅಂದ್ರೆ ಪೆನ್ಸಿಲ್‌ಗಿಂತ ಸಣ್ಣ ತೂತು. ಅದರ ಒಳಗೆ ಸಮನಾಗಿ ಕ್ರೋಮ್ ಹಾಕೋದು ಆಗ ನಿಜವಾಗಿಯೂ ಕಷ್ಟದ ಕೆಲಸ, ಖರ್ಚಿನ ಕೆಲಸ. ಆದ್ರೆ ಈ ರೈಫಲ್ ಹೋಗ್ತಿದ್ದಿದ್ದು ತಿಂಗಳುಗಟ್ಟಲೆ ಮಳೆ ಸುರಿಯೋ ಕಾಡಿಗೆ.

ಮೂರನೇದು, ಎಲ್ಲಕ್ಕಿಂತ ದೊಡ್ಡದು: ಮದ್ದಿನ ಪುಡಿ. ಸ್ಟೋನರ್ ಈ ರೈಫಲ್ ರೂಪಿಸಿದ್ದು ಡುಪಾಂಟ್ ಕಂಪನಿಯ ಐಎಂಆರ್ ಪುಡಿಗೆ. ಸೇನೆ ಕೇಳಿದ ಗುಂಡಿನ ವೇಗವನ್ನ ಹಾಕಿದ ಒತ್ತಡದ ಮಿತಿಯೊಳಗೆ ದೊಡ್ಡ ಪ್ರಮಾಣದಲ್ಲಿ ಕೊಡೋದು ಆ ಪುಡಿಯಿಂದ ಕಷ್ಟ ಆಯ್ತು. 1964ರಲ್ಲಿ ಸೇನೆ ಒಲಿನ್ ಮ್ಯಾಥಿಸನ್ ಕಂಪನಿಯ ಬಾಲ್ ಪೌಡರ್ ಅನ್ನೋ ಬೇರೆ ಪುಡಿಗೆ ಒಪ್ಪಿಗೆ ಕೊಡ್ತು. ಅದರ ಪರಿಣಾಮ ಎರಡು. ಒಂದು, ಮಸಿ ಜಾಸ್ತಿ ಆಯ್ತು. ಎಂ-16ನಲ್ಲಿ ಉರಿದ ಅನಿಲದ ಒಂದು ಪಾಲು ಬ್ಯಾರೆಲ್‌ನಿಂದ ಸಣ್ಣ ಕೊಳವೆಯ ಮೂಲಕ ನೇರ ಯಂತ್ರದೊಳಗೆ ವಾಪಸ್ ಬಂದು ಅದನ್ನ ಓಡಿಸುತ್ತೆ. ಅನಿಲದ ಜೊತೆ ಮಸಿಯೂ ಬರುತ್ತೆ. ಎರಡು, ರೈಫಲ್‌ನ ವೇಗ ಏರಿತು. ನಿಮಿಷಕ್ಕೆ 850 ಗುಂಡಿನ ಮಿತಿ ಇದ್ದ ಕಡೆ ಅದನ್ನ ದಾಟಿ 900, 1,000ದತ್ತ ಓಡೋಕೆ ಶುರುವಾಯ್ತು. ಆಗ ಹೇಳಿದ್ನಲ್ಲ, ಹಿತ್ತಾಳೆ ಡಬ್ಬಿ ಕುಗ್ಗೋಕೆ ಒಂದು ಕ್ಷಣ ಬೇಕು ಅಂತ. ಈಗ ಕೊಕ್ಕೆ ಆ ಕ್ಷಣಕ್ಕೆ ಕಾಯದೆ ಎಳೆಯೋಕೆ ಶುರು ಮಾಡ್ತು. ಅದರ ಮೇಲೆ ತುಕ್ಕು ಹಿಡಿದ ಚೇಂಬರ್. ಡಬ್ಬಿ ಸಿಕ್ಕಿಕೊಳ್ಳದೆ ಇನ್ನೇನು?

ಇಲ್ಲಿ ಬರುತ್ತೆ ನನ್ನ ತಲೆ ತಿರುಗಿಸಿದ ವಿಷಯ. ಹೊಸ ಪುಡಿಯಲ್ಲಿ ಟೆಸ್ಟ್ ಮಾಡಿದ್ರೆ ಕೋಲ್ಟ್‌ನ ರೈಫಲ್‌ಗಳು ವೇಗದ ಮಿತಿ ದಾಟಿ ಫೇಲ್ ಆಗ್ತಿದ್ವು. ಆಗ ಸೇನೆ ಏನು ಮಾಡ್ತು? ಕಾರ್ಖಾನೆಯ ಟೆಸ್ಟ್‌ಗೆ ಹಳೇ ಪುಡಿಯ ತೋಟಾ ಬಳಸೋಕೆ ಕೋಲ್ಟ್‌ಗೆ ಅನುಮತಿ ಕೊಡ್ತು. ಟೆಸ್ಟ್ ಪಾಸ್. ಬಿಲ್ ಪಾಸ್. ಅದೇ ರೈಫಲ್ ವಿಯೆಟ್ನಾಂಗೆ ಹೋದಾಗ ಅಲ್ಲಿ ಸೈನಿಕನ ಕೈಗೆ ಸಿಕ್ಕಿದ್ದು ಹೊಸ ಪುಡಿಯ ತೋಟಾ. ಪುಡಿ ಬದಲಿಸೋ ಬಗ್ಗೆ ಸ್ಟೋನರ್ ಅಭಿಪ್ರಾಯ ಕೇಳಿದ್ದು ಕೂಡ ತೀರ್ಮಾನ ಆದ್ಮೇಲೆ. ಅವರೇ ಮುಂದೆ ಸಂಸದೀಯ ವಿಚಾರಣೆಯಲ್ಲಿ ಇದನ್ನ ಹೇಳಿದ್ರು.

ನಾಲ್ಕನೇದು ನಮ್ಮ ಕಡ್ಡಿ. ಈ ರೈಫಲ್‌ಗೆ ನಿರ್ವಹಣೆ ಬಹಳ ಕಡಿಮೆ ಸಾಕು ಅನ್ನೋ ಧಾಟಿ ಕೋಲ್ಟ್‌ನ ಪ್ರಚಾರದಲ್ಲೇ ಇತ್ತು. ಬಾಯಿಂದ ಬಾಯಿಗೆ ಹೋಗ್ತಾ ಅದು ಇನ್ನೂ ಬೆಳೆದು, ಈ ರೈಫಲ್ ತನ್ನನ್ನ ತಾನೇ ಕ್ಲೀನ್ ಮಾಡ್ಕೊಳ್ಳುತ್ತೆ ಅನ್ನೋ ಮಾತು ಹಬ್ಬಿತು. ಆರಂಭದ ಎಂ-16ನ ಹಿಡಿಯಲ್ಲಿ ಲೀ-ಎನ್‌ಫೀಲ್ಡ್‌ನ ಥರ ಸಾಮಾನಿನ ಗೂಡೂ ಇರಲಿಲ್ಲ. 5.56 ಅಳತೆಯ ರಾಡ್, ಬ್ರಷ್, ಸರಿಯಾದ ಎಣ್ಣೆ, ಎಲ್ಲಕ್ಕೂ ಅಭಾವ. ಎಂ-14ರ ಸಾಮಾನು ಇದಕ್ಕೆ ಆಗಲ್ಲ, ಅದು 7.62 ಮಿಲಿಮೀಟರ್ ಬ್ಯಾರೆಲ್‌ನದ್ದು. ಅಷ್ಟು ಸಣ್ಣ ಬ್ಯಾರೆಲ್‌ಗೆ ಇನ್ನೊಂದು ಕಾಟವೂ ಇತ್ತು: ಮಳೆ ನೀರು ಒಳಗೆ ಹೋದ್ರೆ ಸ್ಟ್ರಾದಲ್ಲಿ ಜ್ಯೂಸ್ ನಿಲ್ಲೋ ಥರ ನಿಂತುಬಿಡುತ್ತೆ. ಗುಂಡು ಹಾರಿಸೋ ಮೊದಲು ಬಾಯಿ ಕೆಳಗೆ ಮಾಡಿ, ಬೋಲ್ಟ್ ಸ್ವಲ್ಪ ಹಿಂದಕ್ಕೆ ಎಳೆದು ನೀರು ಇಳಿಸಬೇಕು. ಇದನ್ನೂ ಯಾರಾದ್ರೂ ಹೇಳಿಕೊಡಬೇಕಲ್ಲ?

1967ರ ಬೆಟ್ಟಗಳು

1965ರ ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆಯ ಕಾಳಗ ನಡೀತು. ಅಲ್ಲಿ ಈ ರೈಫಲ್ ಚೆನ್ನಾಗೇ ಕೆಲಸ ಮಾಡ್ತು. ಅದನ್ನ ಹಿಡಿದವರು ಅದರ ಜೊತೆ ಅಭ್ಯಾಸ ಮಾಡಿ ಬಂದಿದ್ದವರು. ವಿಯೆಟ್ನಾಂನಲ್ಲಿದ್ದ ಕಮಾಂಡರ್ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಇನ್ನಷ್ಟು ರೈಫಲ್ ಬೇಕು ಅಂದ್ರು. ಆ ವರ್ಷದ ಕೊನೆಗೆ ವಿಯೆಟ್ನಾಂನಲ್ಲಿ ಅಮೆರಿಕನ್ ಸೈನಿಕರು ಸುಮಾರು 1,84,000. 1966ರ ಕೊನೆಗೆ ಸುಮಾರು 3,85,000. ಒಂದೇ ಸಲದ ಖರೀದಿ ಅಂದ್ಕೊಂಡಿದ್ದ ರೈಫಲ್ ಈಗ ಲಕ್ಷಗಟ್ಟಲೆ ಬೇಕು. ರೈಫಲ್ ಬಂತು, ಸಾಮಾನು ಅದೇ ವೇಗದಲ್ಲಿ ಬರಲಿಲ್ಲ.

ಮರೀನ್ ಪಡೆಗೆ ಎಂ-16 ಕೈಗೆ ಬಂದಿದ್ದು 1967ರ ವಸಂತದಲ್ಲಿ. ಎಷ್ಟೋ ಜನರಿಗೆ ವಿಯೆಟ್ನಾಂನಲ್ಲೇ ಎಂ-14 ವಾಪಸ್ ತಗೊಂಡು ಹೊಸದು ಕೊಟ್ರು. ಅದಾಗಿ ಕೆಲವೇ ವಾರಕ್ಕೆ, ಏಪ್ರಿಲ್ 24ರಿಂದ ಮೇ 11ರವರೆಗೆ, ಖೆ ಸಾನ್ ಬಳಿಯ 861, 881 ನಂಬರಿನ ಬೆಟ್ಟಗಳಲ್ಲಿ ಭಾರೀ ಕಾಳಗ. 155 ಮರೀನ್‌ಗಳು ಸತ್ರು, 425 ಮಂದಿ ಗಾಯಗೊಂಡ್ರು. ಎಲ್ಲಾ ಸಾವೂ ರೈಫಲ್‌ನಿಂದ ಆಯ್ತು ಅಂತ ಯಾರೂ ಹೇಳಲ್ಲ. ಎದುರಿದ್ದ ಉತ್ತರ ವಿಯೆಟ್ನಾಂ ಸೇನೆ ಗಟ್ಟಿ ಬಂಕರ್ ತೋಡಿಕೊಂಡು ಕಾದಿತ್ತು. ಆದ್ರೆ ಬದುಕಿ ಬಂದವರು ಮತ್ತೆ ಮತ್ತೆ ಹೇಳಿದ್ದು ಒಂದೇ ವಿಷಯ: ರೈಫಲ್ ಸಿಕ್ಕಿಕೊಳ್ತು.

ಆ ಪರಿಸ್ಥಿತಿ ಊಹಿಸಿಕೊಳ್ಳಿ. ಎದುರಿನಿಂದ ಗುಂಡು ಬರ್ತಿದೆ. ನಿಮ್ಮ ರೈಫಲ್ ಒಳಗೆ ಖಾಲಿ ಡಬ್ಬಿ ಕಚ್ಚಿಕೊಂಡಿದೆ. ಕ್ಲೀನಿಂಗ್ ರಾಡ್ ಅಂದ್ರೆ ತುಂಡು ತುಂಡಾಗಿ ಬರೋದು, ಅದನ್ನ ಒಂದಕ್ಕೊಂದು ತಿರುಗಿಸಿ ಜೋಡಿಸಬೇಕು. ಮೂರು ನಾಲ್ಕು ಜನಕ್ಕೆ ಒಂದು ರಾಡ್ ಇದ್ದ ಕಡೆ ಅದಕ್ಕಾಗಿ ಕೂಗಬೇಕು. ರಾಡ್ ಸಿಕ್ಕಿದವರು ಅದನ್ನ ಮೊದಲೇ ಜೋಡಿಸಿ ರೈಫಲ್‌ನ ಪಕ್ಕಕ್ಕೆ ಟೇಪ್ ಹಾಕಿ ಕಟ್ಟಿಕೊಳ್ತಿದ್ರು. ಆ ಟೇಪ್ ಸುತ್ತಿದ ರಾಡ್ ನೋಡಿದ್ರೇ ಗೊತ್ತಾಗುತ್ತೆ, ಸೈನಿಕನಿಗೆ ತನ್ನ ರೈಫಲ್ ಮೇಲೆ ಎಷ್ಟು ನಂಬಿಕೆ ಉಳಿದಿತ್ತು ಅಂತ.

ತಪ್ಪು ಯಾರದ್ದು?

ಮೇಲಿನವರ ಮೊದಲ ಉತ್ತರ ಏನಿತ್ತು ಊಹೆ ಮಾಡಿ. ಹುಡುಗರು ಸರಿಯಾಗಿ ಕ್ಲೀನ್ ಮಾಡ್ತಿಲ್ಲ. ರೈಫಲ್ ಚೆನ್ನಾಗಿದೆ ಅಂತ ಮರೀನ್ ಪಡೆಯ ಮುಖ್ಯಸ್ಥರೇ ಪತ್ರಕರ್ತರ ಮುಂದೆ ಸಮರ್ಥಿಸಿಕೊಂಡ್ರು.

ಸೈನಿಕರು ಮನೆಗೆ ಪತ್ರ ಬರೆದ್ರು. ಅಂಥ ಒಂದು ಪತ್ರ 1967ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಪತ್ರಿಕೆಯಲ್ಲಿ ಅಚ್ಚಾಯ್ತು. ಸತ್ತ ಮರೀನ್‌ಗಳ ಪಕ್ಕದಲ್ಲಿ ಅವರ ರೈಫಲ್‌ಗಳು ಬಿಚ್ಚಿ ಬಿದ್ದಿದ್ವು, ಸರಿ ಮಾಡೋಕೆ ಹೋಗಿಯೇ ಅವರು ಸತ್ರು ಅನ್ನೋದು ಅದರ ಸಾರ. ನ್ಯೂಜೆರ್ಸಿಯ ಸಂಸದ ಜೇಮ್ಸ್ ಹೋವರ್ಡ್ ಅದನ್ನ ಸಂಸತ್ತಿನ ಮುಂದೆ ತಂದ್ರು. ಅದೇ ತಿಂಗಳು ಮಿಸೌರಿಯ ಸಂಸದ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯಲ್ಲಿ ಎಂ-16 ಬಗ್ಗೆ ವಿಶೇಷ ಉಪಸಮಿತಿ ಕೆಲಸ ಶುರು ಮಾಡ್ತು.

ಅಕ್ಟೋಬರ್‌ನಲ್ಲಿ ವರದಿ ಬಂತು. ತೊಂದರೆಗೆ ಮುಖ್ಯ ಕಾರಣ ಸಾಕಷ್ಟು ಪರೀಕ್ಷೆ ಮಾಡದೆ ಪುಡಿ ಬದಲಿಸಿದ್ದು ಅಂತ ಸಮಿತಿ ಹೇಳ್ತು. ಒಲಿನ್ ಮ್ಯಾಥಿಸನ್ ವರ್ಷಗಟ್ಟಲೆ ಬಾಲ್ ಪೌಡರ್‌ನ ಏಕೈಕ ಪೂರೈಕೆದಾರ ಆಗಿದ್ದು ಆ ತೀರ್ಮಾನದ ಮೇಲೆ ಪ್ರಭಾವ ಬೀರಿರಬಹುದು ಅಂತಲೂ ಹೇಳ್ತು. ಕ್ಲೀನಿಂಗ್ ಸಾಮಾನಿನ ಕೊರತೆ, ತರಬೇತಿಯ ಕೊರತೆ ಎರಡನ್ನೂ ದಾಖಲಿಸ್ತು. ತೋಟಾದ ದೋಷ ಸರಿಪಡಿಸದ ಅಧಿಕಾರಿಗಳ ನಡತೆ ಕ್ರಿಮಿನಲ್ ನಿರ್ಲಕ್ಷ್ಯದ ಅಂಚಿಗೆ ಬರುತ್ತೆ ಅಂದಿತು. ಒಂದು ಸರ್ಕಾರಿ ವರದಿಯಲ್ಲಿ, ಯುದ್ಧ ನಡೀತಿರೋವಾಗಲೇ, ತನ್ನದೇ ಸೇನೆಯ ಬಗ್ಗೆ ಬರೆದ ಮಾತು ಇದು.

ಒಂದು ವಿಷಯ ನ್ಯಾಯವಾಗಿ ಹೇಳ್ಬೇಕು. ಹುಡುಗರು ಕ್ಲೀನ್ ಮಾಡ್ತಿಲ್ಲ ಅನ್ನೋದು ಪೂರ್ತಿ ಸುಳ್ಳಲ್ಲ. ಎಷ್ಟೋ ರೈಫಲ್‌ಗಳು ನಿಜವಾಗಿಯೂ ಕೊಳಕಾಗಿದ್ವು. ಆದ್ರೆ ರಾಡ್ ಕೊಡದೆ, ಬ್ರಷ್ ಕೊಡದೆ, ಕ್ಲೀನ್ ಮಾಡೋದೇ ಬೇಡ ಅನ್ನೋ ಮಾತು ಹಬ್ಬೋಕೆ ಬಿಟ್ಟು, ಆಮೇಲೆ ಯಾಕೆ ಕ್ಲೀನ್ ಮಾಡಿಲ್ಲ ಅಂತ ಕೇಳೋದು ಯಾವ ನ್ಯಾಯ? ಪೊರಕೆ ಕೊಡದೆ ಅಂಗಳ ಯಾಕೆ ಗುಡಿಸಿಲ್ಲ ಅಂತ ಗದರಿದ ಹಾಗೆ.

ಕ್ರೋಮ್, ಬ್ರಷ್ ಮತ್ತು ಒಂದು ಕಾಮಿಕ್ ಪುಸ್ತಕ

ಸರಿಪಡಿಸೋಕೆ ಮನಸ್ಸು ಮಾಡಿದ ಮೇಲೆ ಕೆಲಸ ಬೇಗ ಆಯ್ತು. 1967ರಲ್ಲಿ ಚೇಂಬರ್‌ಗೆ ಕ್ರೋಮ್ ಬಂತು. ವೇಗ ತಗ್ಗಿಸೋಕೆ ಬಫರ್ ಅನ್ನೋ ಭಾಗ ಬದಲಿಸಿದ್ರು. ಚೇಂಬರ್ ತಿಕ್ಕೋಕೆ ಅಂತಲೇ ಪ್ರತ್ಯೇಕ ಬ್ರಷ್ ಬಂತು, ರಾಡ್‌ಗಳು ಬಂದ್ವು, ತರಬೇತಿ ತಂಡಗಳು ವಿಯೆಟ್ನಾಂಗೆ ಹೋದ್ವು. ಮುಂದೆ ಪೂರ್ತಿ ಬ್ಯಾರೆಲ್‌ಗೇ ಕ್ರೋಮ್ ಲೇಪನ ಬಂತು. ಹಿಡಿಯ ಹಿಂದೆ ಮುಚ್ಚಳ ಇರೋ ಗೂಡೂ ಬಂತು, ಸಾಮಾನು ಇಡೋಕೆ. ಲೀ-ಎನ್‌ಫೀಲ್ಡ್‌ನಲ್ಲಿ ಎಷ್ಟೋ ದಶಕಗಳ ಹಿಂದೆಯೇ ಇದ್ದ ಅದೇ ಗೂಡು!

ನನಗೆ ಇಷ್ಟ ಆಗೋದು ಆ ಕಾಮಿಕ್ ಪುಸ್ತಕದ ಕಥೆ. 1960ರ ದಶಕದ ಕೊನೆಯಲ್ಲಿ ಸೇನೆ ಈ ರೈಫಲ್ ನಿರ್ವಹಣೆ ಬಗ್ಗೆ ಒಂದು ಚಿತ್ರ ಪುಸ್ತಕ ತಂತು. ಅದನ್ನ ಮಾಡಿದವರು 'ದಿ ಸ್ಪಿರಿಟ್' ಕಾಮಿಕ್‌ನ ಸೃಷ್ಟಿಕರ್ತ, ಖ್ಯಾತ ಚಿತ್ರಕಾರ ವಿಲ್ ಐಸ್ನರ್. ದಪ್ಪ ಮ್ಯಾನ್ಯುಯಲ್ ಓದೋ ತಾಳ್ಮೆ ಇಲ್ಲದ ಹುಡುಗರಿಗೆ ಬಣ್ಣದ ಚಿತ್ರ, ತಮಾಷೆ ಮಾತು. ರೈಫಲ್ ಹೇಗೆ ಬಿಚ್ಚಬೇಕು, ಎಲ್ಲೆಲ್ಲಿ ಮಸಿ ಕೂರುತ್ತೆ, ಎಲ್ಲಿ ಎಣ್ಣೆ ಬೇಕು, ಎಲ್ಲಿ ಬೇಡ, ಎಲ್ಲಾ ಅದರಲ್ಲಿ. ರೈಫಲ್ಲನ್ನ ಹೆಣ್ಣಿನ ಥರ ತೋರಿಸಿ ಮಾಡಿದ ಕೆಲವು ಜೋಕುಗಳು ಇವತ್ತು ಓದಿದ್ರೆ ಮುಜುಗರ ಆಗುತ್ತೆ. ಆದ್ರೆ ಅದು ಓದುಗನನ್ನ ಬೈಯಲ್ಲ. ನೀನು ಮಾಡಬಲ್ಲೆ, ಹೀಗೆ ಮಾಡು ಅನ್ನುತ್ತೆ.

ಅದರಲ್ಲಿದ್ದ ಪಾಠದ ತಿರುಳು ಸರಳ. ಮೊದಲು ರೈಫಲ್ ಖಾಲಿ ಇದೆಯಾ ಅಂತ ಖಾತ್ರಿ ಮಾಡ್ಕೊ. ಬ್ರಷ್‌ಗೆ ಕ್ಲೀನರ್ ಹಚ್ಚಿ ಚೇಂಬರ್ ಕಡೆಯಿಂದ ಬ್ಯಾರೆಲ್ ಬಾಯಿ ಕಡೆಗೆ ತಳ್ಳು. ಆಮೇಲೆ ಬಟ್ಟೆ ಚೂರು ಹಾಕಿ, ಬಟ್ಟೆ ಬೆಳ್ಳಗೆ ಬರೋವರೆಗೆ ಒರೆಸು. ಕೊನೆಗೆ ತೆಳು ಎಣ್ಣೆ. ತೋಟಾಗಳನ್ನೂ ಒರೆಸು, ಆದ್ರೆ ಅವಕ್ಕೆ ಎಣ್ಣೆ ಹಚ್ಚಬೇಡ. ಕೆಲವೇ ನಿಮಿಷದ ಕೆಲಸ.

ಈ ಲೆಕ್ಕ ಯಾಕೆ ಮುಖ್ಯ?

ಕಾಮರ್ಸ್ ಓದಿದವರಿಗೆ ಒಂದು ಅಭ್ಯಾಸ ಇರುತ್ತೆ. ಖರ್ಚಿನ ಪಟ್ಟಿ ನೋಡಿದ ಕೂಡಲೇ ಎಲ್ಲಿ ಕತ್ತರಿಸಬಹುದು ಅಂತ ಕಣ್ಣು ಹುಡುಕುತ್ತೆ. ಮೊದಲು ಸಿಗೋದೇ ನಿರ್ವಹಣೆ ವೆಚ್ಚ. ಯಾಕಂದ್ರೆ ಅದನ್ನ ಕತ್ತರಿಸಿದ ದಿನ ಏನೂ ಆಗಲ್ಲ. ಈ ತ್ರೈಮಾಸಿಕದಲ್ಲಿ ಏನೂ ಆಗಲ್ಲ. ಲಾಭ ಇವತ್ತಿನ ಪುಸ್ತಕದಲ್ಲಿ ಕಾಣುತ್ತೆ, ನಷ್ಟ ಎರಡು ವರ್ಷ ಬಿಟ್ಟು ಬೇರೆ ಯಾರದ್ದೋ ಪುಸ್ತಕದಲ್ಲಿ ಬರುತ್ತೆ. ಎಂ-16 ವಿಷಯದಲ್ಲಿ ಉಳಿತಾಯ ಬರೆದಿದ್ದು ವಾಷಿಂಗ್ಟನ್‌ನ ಕಡತದಲ್ಲಿ, ನಷ್ಟ ಬರೆದಿದ್ದು ಖೆ ಸಾನ್‌ನ ಬೆಟ್ಟದಲ್ಲಿ. ಎರಡೂ ಒಂದೇ ಲೆಡ್ಜರ್‌ನಲ್ಲಿ ಇರಲಿಲ್ಲ ಅನ್ನೋದೇ ಸಮಸ್ಯೆ.

ಇನ್ನೊಂದು ವಿಷಯ. ನಿರ್ವಹಣೆ ಅಂದ ಕೂಡಲೇ ಅದು ಕೊನೆಯಲ್ಲಿ ಇರೋ ಮನುಷ್ಯನ ಶಿಸ್ತು ಅಂತ ನಾವು ಅಂದ್ಕೊಳ್ತೀವಿ. ಸಿಪಾಯಿ ಒರೆಸಬೇಕು, ಡ್ರೈವರ್ ನೋಡ್ಕೋಬೇಕು, ಲೈನ್‌ಮನ್ ಹುಷಾರಾಗಿರಬೇಕು. ಅದೂ ನಿಜ. ಆದ್ರೆ ಸಿಪಾಯಿ ಒರೆಸೋಕೂ ಮೊದಲು ಯಾರೋ ಒರೆಸೋಕೆ ಆಗೋ ಥರ ಬ್ಯಾರೆಲ್ ಮಾಡಿರಬೇಕು. ಯಾರೋ ರಾಡ್ ಆರ್ಡರ್ ಮಾಡಿರಬೇಕು. ಯಾರೋ ಹೇಳಿಕೊಟ್ಟಿರಬೇಕು. ಯಾರೋ ಟೆಸ್ಟ್ ರಿಪೋರ್ಟ್‌ಗೆ ನಿಜವಾದ ತೋಟಾ ಬಳಸಿ ಸಹಿ ಹಾಕಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಕೊನೆಯ ಮನುಷ್ಯ ಎಷ್ಟು ಶಿಸ್ತಿನಿಂದ ಇದ್ರೂ ಸಾಲಲ್ಲ. ಎಂ-16 ವಿಷಯದಲ್ಲಿ ನಾಲ್ಕೂ ತಪ್ಪಿದ್ವು, ಬೈಸಿಕೊಂಡಿದ್ದು ಮಾತ್ರ ಕೊನೆಯ ಮನುಷ್ಯ.

ನಿಮ್ಮ ಕೆಲಸದಲ್ಲೂ ಹೀಗೆ ಪೊರಕೆ ಕೊಡದೆ ಅಂಗಳ ಗುಡಿಸು ಅಂದಿದ್ದು ಇದ್ಯಾ? ಕಾರ್ಖಾನೆ, ಆಸ್ಪತ್ರೆ, ಡೆಲಿವರಿ ಕೆಲಸ, ಯಾವುದೇ ಇರಲಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಸಂಸ್ಥೆಯ ಹೆಸರು ಹೇಳಬೇಕಾಗಿಲ್ಲ. ಒಳ್ಳೆಯವನ್ನ ಮುಂದೊಂದು ಸಂಚಿಕೆಯಲ್ಲಿ ಕೇಳಿಸ್ತೀನಿ.

ಇವತ್ತಿಗೆ ಇಷ್ಟೇ. ಇಷ್ಟ ಆದ್ರೆ ಒಬ್ಬರಿಗಾದ್ರೂ ಫಾರ್ವರ್ಡ್ ಮಾಡಿ.